ಸೊಕ್ಕಿನಿಂದ ಭವ್ಯತೆಗೆ: ‘ಸುಪೆರ್ಬುಸ್’ ಪದದ ಅರ್ಥಪಲ್ಲಟ

ರೋಮಿನ ಕೊನೆಯ ಅರಸ ತಾರ್ಕ್ವಿನಿಯುಸ್‌ಗೆ ಅಂಟಿದ ಅಡ್ಡಹೆಸರು ‘ಸುಪೆರ್ಬುಸ್’. ಇತಿಹಾಸಕಾರ ಲಿವಿ ಅದಕ್ಕೆ ಕೊಡುವ ಕಾರಣ ಖಚಿತವಾದದ್ದು: ಮಾವನನ್ನು ಕೊಲ್ಲಿಸಿ ಪಟ್ಟವೇರಿದ ಅವನು ಆ ಹೆಣಕ್ಕೆ ಸಂಸ್ಕಾರವನ್ನೂ ಮಾಡಗೊಡಲಿಲ್ಲ. ‘ಮೇಲೆ’ ಎಂಬರ್ಥದ ‘ಸುಪೆರ್’ನಿಂದ ಹುಟ್ಟಿದ ಈ ವಿಶೇಷಣ ಲ್ಯಾಟಿನ್ನಿನಲ್ಲಿ ಮುಖ್ಯವಾಗಿ ಸೊಕ್ಕನ್ನೇ ಹೇಳುತ್ತಿತ್ತು. ಇಂಗ್ಲಿಷಿನ ‘ಸೂಪರ್ಬ್’, ಫ್ರೆಂಚಿನ ‘ಸ್ಯುಪೆರ್ಬ್’ ರೂಪಗಳಲ್ಲಿ ಅದು ಮೆಚ್ಚುಗೆಯ ಮಾತಾದದ್ದು ಹೇಗೆ? ಅರ್ಥೋತ್ಕರ್ಷವೆಂದು ಹೆಸರಿಟ್ಟು ಕೈತೊಳೆದುಕೊಂಡರೆ ಸಾಲದು. ಆ ಪದ ಮನುಷ್ಯರನ್ನು ಬಿಟ್ಟು ಕಟ್ಟಡಗಳಿಗೆ ಹತ್ತಿಕೊಂಡಾಗ ನಿಂದೆ ಕಳಚುತ್ತ ಬಂತು ಎಂಬುದು ಈ ಲೇಖನದ ವಾದ.

ಈ ದಾರಿಯ ಮೊದಲ ಗುರುತುಗಳು ವರ್ಜಿಲ್‌ನಲ್ಲೇ ಇವೆ. ಅವನ ಕೃಷಿಕಾವ್ಯ ‘ಜಾರ್ಜಿಕ್ಸ್’ನ 2ನೇ ಭಾಗದಲ್ಲಿ ಸಿರಿವಂತನ ಮನೆಯೊಂದು ಬರುತ್ತದೆ. ಬೆಳಗಿನ ವಂದನೆಗೆ ಬಂದ ಜನರನ್ನು ಅದು ಅಲೆಯಲೆಯಾಗಿ ಹೊರಚೆಲ್ಲುತ್ತದೆ. ಆಮೆಚಿಪ್ಪಿನ ಕುಸುರಿಯಿರುವ ಬಾಗಿಲುವಾಡಗಳನ್ನು ನೋಡುವವರು ಬಾಯಿಬಿಟ್ಟು ನಿಲ್ಲುತ್ತಾರೆ. ಆ ಮನೆಯ ಕದಗಳಿಗೆ ಕವಿ ಕೊಟ್ಟ ವಿಶೇಷಣ ‘ಸುಪೆರ್ಬುಸ್’. ಸೊಕ್ಕು ಯಜಮಾನನದು, ಸೊಗಸು ಕದದ್ದು, ಪದ ಒಂದೇ. ಕವಿಗೆ ಈ ಬೆಡಗು ಹಿಡಿಸದು, ಅವನ ಒಲವು ಒಕ್ಕಲಿಗನ ಬಾಳಿನ ಕಡೆಗೆ. ಆದರೂ ಬೆರಗಿಗೆ ಜಾಗ ಸಿಕ್ಕಿಬಿಟ್ಟಿದೆ. ‘ಈನೀಡ್’ನಲ್ಲಂತೂ ಇಬ್ಬಂದಿತನ ಇನ್ನೂ ಸ್ಪಷ್ಟ: 6ನೇ ಸರ್ಗದಲ್ಲಿ ಸೊಕ್ಕಿದವರನ್ನು ಬಡಿದುಹಾಕುವುದು ರೋಮಿನ ಧರ್ಮ; 1ನೇ ಸರ್ಗದಲ್ಲಿ ಅದೇ ವಿಶೇಷಣ ಮುಂದೆ ಹುಟ್ಟಲಿರುವ ರೋಮನ್ನರ ರಣಪ್ರತಾಪಕ್ಕೆ ಸಲ್ಲುತ್ತದೆ.

ಕ್ರೈಸ್ತಧರ್ಮ ಪದದ ಕರಾಳ ಮುಖವನ್ನು ಗಟ್ಟಿಮಾಡಿತು. 6ನೇ ಶತಮಾನದ ಕೊನೆಯಲ್ಲಿ ಪೋಪ್ ಗ್ರೆಗರಿ ಇದರ ನಾಮಪದ ‘ಸುಪೆರ್ಬಿಯಾ’ವನ್ನು, ಅಂದರೆ ಗರ್ವವನ್ನು, ಎಲ್ಲ ಪಾಪಗಳ ಬೇರೆಂದು ಸಾರಿದರು. ಡಾಂಟೆಯ ‘ಪುರ್ಗತೋರಿಯೊ’ ಕಾವ್ಯದಲ್ಲಿ ಗರ್ವಿಗಳು ಪಾಪ ತೊಳೆಯುವ ಬೆಟ್ಟದ ಮೊದಲ ಮೆಟ್ಟಿಲಲ್ಲೇ ಬಂಡೆ ಹೊತ್ತು ಬಾಗಿ ನಡೆಯುತ್ತಾರೆ. ಚಾವಣಿಯ ಭಾರಕ್ಕೆ ಮೊಣಕಾಲು ಎದೆಗೆ ತಾಗುವಂತೆ ಕುಗ್ಗಿದ ಶಿಲ್ಪಗಳಿಗೆ ಡಾಂಟೆ ಅವರನ್ನು ಹೋಲಿಸುತ್ತಾನೆ. ಗರ್ವಿಯ ದೇಹ ಇಲ್ಲಿ ಕಟ್ಟಡದ ಕಲ್ಲಾಗಿದೆ.

1358ರಲ್ಲಿ ಪೆಟ್ರಾರ್ಕ್ ತನ್ನ ಯಾತ್ರಾಗ್ರಂಥದಲ್ಲಿ ಜಿನೋವಾ ನಗರವನ್ನು ಅದರ ಜನರಿಗಾಗಿಯೂ ಗೋಡೆಗಳಿಗಾಗಿಯೂ ‘ಸುಪೆರ್ಬಾ’ ಎಂದು ಕರೆದ. ಊರಿಗೆ ಆ ಬಿರುದು ಇಂದಿಗೂ ಉಳಿದಿದೆ. ಜನ ಮತ್ತು ಗೋಡೆ, ಎರಡನ್ನೂ ಒಂದೇ ವಿಶೇಷಣದಲ್ಲಿ ಹಿಡಿದ ಈ ಪ್ರಯೋಗವನ್ನು ನಾನು ಇಡೀ ಚರಿತ್ರೆಯ ತಿರುವೆಂದು ಭಾವಿಸುತ್ತೇನೆ. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ‘ಸೂಪರ್ಬ್’ ಮೊದಲು ಸಂದದ್ದು ಭವ್ಯ ಕಟ್ಟಡಗಳಿಗೇ. ರುಚಿ, ಹಾಡು, ಆಟಗಳ ಮೆಚ್ಚುಗೆಗೆ ಅದು ಬಳಕೆಯಾದದ್ದು ಆಮೇಲೆ.

ಎಲ್ಲ ನುಡಿಗಳೂ ಇಷ್ಟು ದೂರ ಬರಲಿಲ್ಲ. ಇಟಾಲಿಯನ್ನಿನಲ್ಲಿ ಮನುಷ್ಯನೊಬ್ಬನನ್ನು ‘ಸುಪೆರ್ಬೊ’ ಎಂದರೆ ಇಂದಿಗೂ ಬೈದಂತೆಯೇ. ನೋಟವೊಂದನ್ನು ಹಾಗೆಂದರೆ ಹೊಗಳಿಕೆ. ಸ್ಪ್ಯಾನಿಷ್‌ನ ‘ಸೊಬೆರ್ಬಿಯೊ’ ಎರಡೂ ಅರ್ಥಗಳನ್ನು ಹೊತ್ತಿದೆ. ಫ್ರೆಂಚಿನ ವಿಶೇಷಣ ಹೊಗಳುತ್ತದೆ, ನಾಮಪದ ‘ಲಾ ಸ್ಯುಪೆರ್ಬ್’ ಮಾತ್ರ ಹಳೆಯ ಅಹಂಕಾರವನ್ನು ಬಿಟ್ಟಿಲ್ಲ. ಫ್ರೆಂಚಿನಿಂದ ಕಡ ತಂದ ರೊಮೇನಿಯನ್‌ಗೆ ದಕ್ಕಿದ್ದು ಹೊಗಳಿಕೆಯ ಅರ್ಥ. ನಾವು ದಿನವೂ ಆಡುವ ‘ಸೂಪರ್’ ಕೂಡ ಇಂಗ್ಲಿಷಿನ ಮೂಲಕ ಇದೇ ಬೇರಿನಿಂದ ಬಂದದ್ದು.

ನಿಘಂಟುಗಳು ‘ಗರ್ವಿ’, ‘ಭವ್ಯ’ ಎಂದು ಎರಡು ಅಂಕಿಗಳ ಕೆಳಗೆ ಅರ್ಥ ಕೊಟ್ಟು ಮುಗಿಸುತ್ತವೆ. ವಿಶೇಷಣ ಯಾವ ನಾಮಪದಕ್ಕೆ ಹತ್ತುತ್ತದೆಂಬುದನ್ನೂ ಅವು ದಾಖಲಿಸಬೇಕು. ಅದಿಲ್ಲದೆ ಈ ಪಲ್ಲಟದ ಚರಿತ್ರೆಯನ್ನು ಬರೆಯಲಾಗದು.