ಬೇಟೆಯ ನಾಯಿಯೋ, ಕಾವಲಿನ ನಾಯಿಯೋ?

ಕಿರುಗಾವಲು ಎಂಬ ಊರಿನ ಹೆಸರಿನಲ್ಲಿಯೇ ಕಾವಲಿದೆ. ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಈ ಹೋಬಳಿಯ ಸುತ್ತಮುತ್ತ ಭತ್ತ, ಕಬ್ಬಿನ ಗದ್ದೆಗಳು, ಒಂಟಿ ತೋಟದ ಮನೆಗಳು, ಕುರಿ ಕೊಟ್ಟಿಗೆಗಳು. ಇಂಥ ಕಡೆ ನಾಯಿ ಸಾಕುವುದು ಬರೀ ಷೋಕಿಯ ಮಾತಲ್ಲ. ಸಾಕುವುದಾದರೆ ನಮ್ಮದೇ ನೆಲದ ಅಪರೂಪದ ತಳಿಯನ್ನು ಸಾಕೋಣ ಎಂದುಕೊಂಡವರ ಮುಂದೆ ಮುಖ್ಯವಾಗಿ ಎರಡು ಹೆಸರುಗಳು ಬರುತ್ತವೆ. ಒಂದು ಬಾಗಲಕೋಟೆ ಜಿಲ್ಲೆಯ ಮುಧೋಳ, ಇನ್ನೊಂದು ತಮಿಳುನಾಡಿನ ರಾಜಪಾಳ್ಯಂ. ಯಾವುದನ್ನು ತರಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ನೆರೆಯ ಮದ್ದೂರು ತಾಲ್ಲೂಕಿನ ಒಂದು ಶಾಸನ ನೆರವಾಗುತ್ತದೆ.

ಕ್ರಿ.ಶ. 949ರಲ್ಲಿ ತಕ್ಕೋಲಂ ಎಂಬಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಘೋರ ಯುದ್ಧ ನಡೆಯಿತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಬೂತುಗ, ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಕಡೆಯ ವೀರ ಮಣಲೆರ ಆ ಯುದ್ಧದಲ್ಲಿ ಮೆರೆದ ಶೌರ್ಯಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೋ ಎಂದನಂತೆ. ಮಣಲೆರ ಬೇಡಿದ್ದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆ ನಾಯಿಯನ್ನು. ಮುಂದೆ ಬೆಳತೂರಿನ ಬೆಟ್ಟದ ಬಳಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಸತ್ತವು. ಕಾಳಿಯ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಡಲಾಯಿತು. ಈ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯೂ ಶಾಸನದಲ್ಲಿದೆ. ನಾಯಿ ಹಂದಿಗಳ ಕಾಳಗದ ಶಿಲ್ಪವಿರುವ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮಣಲೆರನ ಬದುಕಿನಲ್ಲಿ ಬೇಟೆಯಿತ್ತು, ಕಾಳಿಗೆ ಬೇಟೆ ಬರುತ್ತಿತ್ತು. ನಾಯಿಯ ಕಸುಬೂ ಯಜಮಾನನ ಬಾಳೂ ಒಂದಕ್ಕೊಂದು ಹೊಂದಿಕೊಂಡಿದ್ದವು. ತಳಿ ಎನ್ನುವುದು ಬಣ್ಣ, ಎತ್ತರಗಳ ಲೆಕ್ಕವಷ್ಟೇ ಅಲ್ಲ. ತಲೆತಲಾಂತರದಿಂದ ಒಂದು ಕೆಲಸಕ್ಕಾಗಿ ಆರಿಸಿ ಆರಿಸಿ ರೂಢಿಸಿದ ಸ್ವಭಾವವದು.

ಮುಧೋಳ ನಾಯಿಯ ಮೈಕಟ್ಟೇ ಅದರ ಕೆಲಸವನ್ನು ಹೇಳುತ್ತದೆ. ನೀಳ ತಲೆ, ಆಳವಾದ ಎದೆಗೂಡು, ಬೆನ್ನಿಗಂಟಿದ ಹೊಟ್ಟೆ, ಉದ್ದ ಕಾಲುಗಳು. ಗಂಡು ನಾಯಿ ಭುಜದ ಮಟ್ಟಕ್ಕೆ ಸುಮಾರು ಎರಡೂಕಾಲು ಅಡಿ ಎತ್ತರ. ವಾಸನೆ ಹಿಡಿದು ಹೋಗುವುದಕ್ಕಿಂತ ಕಣ್ಣಿಗೆ ಬಿದ್ದ ಬೇಟೆಯನ್ನು ಓಡಿ ಹಿಡಿಯುವುದು ಇದರ ಜಾಯಮಾನ. ಮುಧೋಳ ಸಂಸ್ಥಾನದ ಅರಸು ಮಾಲೋಜಿರಾವ್ ಘೋರ್ಪಡೆ ಇದಕ್ಕೆ ಆಶ್ರಯ ಕೊಟ್ಟರು. ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟ ಮೇಲೆ ಮುಧೋಳದ ಹೆಸರು ಹೊರಗೂ ಹಬ್ಬಿತು ಎನ್ನುತ್ತಾರೆ. ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯವು ಮುಧೋಳ ಸಮೀಪದ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಸಂಶೋಧನಾ ಕೇಂದ್ರ ನಡೆಸುತ್ತಿದೆ. 2016ರಲ್ಲಿ ಭಾರತೀಯ ಸೇನೆ ಮೀರತ್‌ನಲ್ಲಿ ಇದರ ಮರಿಗಳಿಗೆ ತರಬೇತಿ ಕೊಡಲಾರಂಭಿಸಿತು.

ರಾಜಪಾಳ್ಯಂ ನಾಯಿಯ ಊರು ವಿರುದುನಗರ ಜಿಲ್ಲೆಯಲ್ಲಿದೆ. ಹಾಲು ಬಿಳುಪಿನ ಮೈ, ನಸುಗೆಂಪು ಮೂಗು. ಮುಧೋಳಕ್ಕಿಂತ ತೂಕದ ಆಳು. ಹಂದಿ ಬೇಟೆಗೂ ಬಳಕೆಯಾದ ಈ ನಾಯಿಗೆ ಮನೆ, ಹೊಲಗಳ ಕಾವಲಿನಲ್ಲಿಯೇ ಹೆಚ್ಚು ಹೆಸರು. ಸಾಮಾನ್ಯವಾಗಿ ಒಬ್ಬ ಯಜಮಾನನಿಗೆ ಬಿಗಿಯಾಗಿ ಅಂಟಿಕೊಂಡು, ಹೊರಗಿನವರನ್ನು ಹತ್ತಿರ ಸೇರಿಸದು. ಮುಧೋಳ, ರಾಜಪಾಳ್ಯಂ ಎರಡೂ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದವು. ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯಲ್ಲಿ ಎರಡಕ್ಕೂ ಅಧಿಕೃತ ತಳಿಯ ಮಾನ್ಯತೆ ದೊರೆತಿದೆ.

ಇನ್ನು ಮನೆಯ ಮಾತು. ಮುಧೋಳಕ್ಕೆ ದಿನವೂ ಓಡಲು ಬಯಲು ಬೇಕು. ಬೇಲಿಯಿರುವ ಎರಡು ಎಕರೆ ತೋಟ, ಹೊತ್ತಾರೆ ಎದ್ದು ಜೊತೆಗೆ ಹೆಜ್ಜೆ ಹಾಕುವ ಹುಡುಗರು ಇದ್ದರೆ ಅದು ಸುಖವಾಗಿರುತ್ತದೆ. ಹೊಸಬರು ಮೈ ಮುಟ್ಟುವುದು ಅದಕ್ಕೆ ಸೇರದು, ಬೈದರೆ ಮುದುಡುತ್ತದೆ. ಓಡುವುದನ್ನು ಕಂಡರೆ ಬೆನ್ನಟ್ಟುವ ಗುಣ ರಕ್ತದಲ್ಲೇ ಇರುವುದರಿಂದ ಕೋಳಿ, ಕುರಿಮರಿಗಳಿರುವ ಮನೆಯಲ್ಲಿ ಮರಿಯಿದ್ದಾಗಲೇ ಒಗ್ಗಿಸಬೇಕು.

ರಾಜಪಾಳ್ಯಂ ಒಂಟಿ ಮನೆಗೆ ಒಳ್ಳೆಯ ಕಾವಲು. ಆದರೆ ಹಗಲೆಲ್ಲ ಜನ ಬಂದು ಹೋಗುವ ಅಂಗಡಿ ಮನೆಗೆ, ನೆರೆಹೊರೆಯ ಮಕ್ಕಳು ಆಡುವ ಅಂಗಳಕ್ಕೆ ಅದು ತಕ್ಕುದಲ್ಲ. ಈ ಬಿಳಿ ನಾಯಿಗಳಲ್ಲಿ ಕೆಲವು ಹುಟ್ಟು ಕಿವುಡು. ಮರಿ ಕೊಳ್ಳುವಾಗ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡುವುದು ಲೇಸು, ಪಶುವೈದ್ಯರಿಗೆ ತೋರಿಸುವುದು ಇನ್ನೂ ಲೇಸು. ಚರ್ಮದ ಕಾಯಿಲೆಯ ಮೇಲೂ ಕಣ್ಣಿಡಬೇಕು.

ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತದೆಂದು ಬೇಟೆ ನಾಯಿ ತರುವ ಯೋಚನೆ ಮಾತ್ರ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಕಾಡುಹಂದಿಯನ್ನು ಬೇಟೆಯಾಡುವುದು ಅಪರಾಧ. ಯಾವ ಕೆಲಸಕ್ಕಾಗಿ ಕಾಳಿಗೆ ಕಲ್ಲು ನೆಟ್ಟರೋ ಅದೇ ಕೆಲಸ ಮಾಡಿಸಿದವನು ಇಂದು ಜೈಲು ಸೇರಬೇಕಾದೀತು.

ಹೀಗಾಗಿ ಬೇಟೆಯಿಲ್ಲದ ಕಾಲದಲ್ಲಿ ಬೇಟೆಯ ತಳಿಯನ್ನು ಸಾಕುವವರ ಹೊಣೆ ಹಿಂದಿಗಿಂತ ಹೆಚ್ಚಾಗಿದೆ. ಕಳೆದುಕೊಂಡ ಕೆಲಸಕ್ಕೆ ಬದಲಾಗಿ ಓಟವನ್ನೋ ಕಾವಲನ್ನೋ ಯಜಮಾನನೇ ಒದಗಿಸಬೇಕು. ಅದು ಆಗದೆ ಹೋದರೆ ನಾಯಿ ಮೊದಲು ಸರಪಳಿಯ ಪಾಲು, ರೇಗಿ ಕಚ್ಚಿದ ಮೇಲೆ ಬೀದಿಯ ಪಾಲು. ತಳಿ ಉಳಿಸುವ ಹೆಸರಿನಲ್ಲಿ ಒಂದು ಪ್ರಾಣಿಯನ್ನು ಕೆಡಿಸಿದಂತಾಗುತ್ತದೆ.

ಅಂಗಳ ಕಿರಿದು, ಮನೆಮಂದಿಯೆಲ್ಲ ಹಗಲು ಹೊರಗೆ ದುಡಿಯುವವರು ಎಂದಾದರೆ ಎರಡೂ ಬೇಡ. ಹೊಸಬರು ಬಂದರೆ ಬೊಗಳಿ, ಮನೆಯವರು ಉಂಡದ್ದನ್ನೇ ಉಂಡು, ಕೇರಿಯ ಎಲ್ಲರನ್ನೂ ಬಲ್ಲ ಕಂತ್ರಿ ನಾಯಿಯೇ ಅಂಥ ಮನೆಗೆ ಸರಿ. ಅದಕ್ಕೂ ವರ್ಷಕ್ಕೊಮ್ಮೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಬೇಕು.

ಸಾವಿರ ವರ್ಷಕ್ಕೂ ಹಿಂದೆ ಒಬ್ಬ ವೀರ ಏನು ಬೇಕಾದರೂ ಕೇಳಬಹುದಾಗಿದ್ದಾಗ ನಾಯಿಯನ್ನು ಕೇಳಿದ. ಅದಕ್ಕೆ ಕೊಡಲು ಅವನ ಬಳಿ ಕಾಡಿತ್ತು, ಬೆಟ್ಟವಿತ್ತು. ಇಂದು ಮರಿ ತರಲು ಹೊರಟವರು ತಮ್ಮ ಮನೆಯಲ್ಲಿ ಅದಕ್ಕೆ ಕೊಡಲು ಏನಿದೆ ಎಂದು ಮೊದಲು ನೋಡಿಕೊಳ್ಳಬೇಕು.