ಅವರುದ್ಧ ಸ್ತ್ರೀಯ ಜೀವನಾಂಶ: ಕಲ್ಯಾಣದಿಂದ ಬೆಂಗಳೂರಿನವರೆಗೆ

ಮದುವೆಯಾಗದೆ ಒಂದೇ ಸೂರಿನಡಿ ಬಾಳುವವರಿಗೆ, ಅದರಲ್ಲೂ ಅಂಥ ಬಾಳಿನಲ್ಲಿ ನಿರಾಧಾರಳಾಗುವ ಹೆಣ್ಣಿಗೆ, ಕಾನೂನಿನ ಆಸರೆ ದೊರೆತದ್ದು ಇತ್ತೀಚಿನ ದಶಕಗಳಲ್ಲಿ ಮಾತ್ರ ಎಂಬ ತಿಳಿವಳಿಕೆ ಚರಿತ್ರೆಗೆ ಹೊಂದುವುದಿಲ್ಲ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ವ್ಯಾಖ್ಯಾನದಲ್ಲಿಯೇ 'ಅವರುದ್ಧ ಸ್ತ್ರೀ'ಯ, ಅಂದರೆ ವಿವಾಹ ಸಂಸ್ಕಾರವಿಲ್ಲದೆ ಒಬ್ಬನೇ ಪುರುಷನ ಆಶ್ರಯದಲ್ಲಿದ್ದವಳ, ಪ್ರಸ್ತಾಪವಿದೆ. ವಾರಸುದಾರರಿಲ್ಲದೆ ಸತ್ತವನ ಆಸ್ತಿ ಅರಸನಿಗೆ ಸೇರುವಾಗ ಹೆಂಗಸರ ಅನ್ನವಸ್ತ್ರಕ್ಕೆ ಬೇಕಾದಷ್ಟನ್ನು ಬಿಟ್ಟುಕೊಡಬೇಕೆಂಬ ಸ್ಮೃತಿಕಾರ ಕಾತ್ಯಾಯನನ ವಚನವನ್ನು ಅರ್ಥೈಸುತ್ತ, ಧರ್ಮಪತ್ನಿಗಾದರೆ ಆಸ್ತಿಯೇ ಸಲ್ಲುವುದರಿಂದ ಈ ವಚನವು ಅವರುದ್ಧ ಸ್ತ್ರೀಯರನ್ನು ಕುರಿತದ್ದೆಂದು ಅವನು ನಿರ್ಣಯಿಸುತ್ತಾನೆ. ಆ ಹೆಣ್ಣಿನ ಸ್ಥಾನ ದಾಸಿಯ ಸ್ಥಾನಕ್ಕೆ ಸಮೀಪವಾಗಿತ್ತೆಂಬುದನ್ನು ಮರೆಯುವಂತಿಲ್ಲ. ಆದರೂ ಅವಳು ಉಪವಾಸ ಬೀಳಬಾರದೆಂಬ ಹೊಣೆಯನ್ನು ಶಾಸ್ತ್ರವು ಒಪ್ಪಿಕೊಂಡಿತ್ತು.

ಬ್ರಿಟಿಷರ ನ್ಯಾಯಾಲಯಗಳು ಈ ಹೊಣೆಯನ್ನು ಸತ್ತವನ ಆಸ್ತಿಯ ಮೇಲಿನ ಹಕ್ಕಾಗಿ ಬೆಳೆಸಿದವು. ಆಗ ಭಾರತಕ್ಕೆ ಅತ್ಯುನ್ನತ ಮೇಲ್ಮನವಿ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಮುಂಬಯಿಯಿಂದ ಬಂದ ಮೊಕದ್ದಮೆಯೊಂದರಲ್ಲಿ 1926ರಲ್ಲಿ, ಅಂಥ ಸ್ತ್ರೀ ಅವನ ಕುಟುಂಬದ ಮನೆಯಲ್ಲಿಯೇ ವಾಸಿಸಿರಬೇಕಾಗಿಲ್ಲವೆಂದು ತೀರ್ಮಾನಿಸಿತು. ಆದರೆ ಸಂಬಂಧವು ಅವನು ಸಾಯುವವರೆಗೂ ಉಳಿದಿರಬೇಕಿತ್ತು; ಬದುಕಿರುವಾಗಲೇ ಅವನು ಕೈಬಿಟ್ಟರೆ ಅವಳಿಗೆ ಬಿಡಿಗಾಸೂ ದಕ್ಕುತ್ತಿರಲಿಲ್ಲ ಎಂಬುದು ಈ ಹಕ್ಕಿನ ಅತಿ ಕ್ರೂರವಾದ ಮಿತಿಯಾಗಿತ್ತು.

ಸ್ವತಂತ್ರ ಭಾರತದಲ್ಲಿ ಈ ಅಲ್ಪ ಆಸರೆಯೂ ಕಳಚಿಬಿತ್ತು. 1955ರ ಹಿಂದೂ ವಿವಾಹ ಕಾಯ್ದೆಯು ಏಕಪತ್ನೀತ್ವವನ್ನು ವಿಧಿಸಿತು, ಅದು ನ್ಯಾಯವೇ ಆಗಿತ್ತು. ಆದರೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯು ಹಳೆಯ ಶಾಸ್ತ್ರನಿಯಮಗಳನ್ನು ರದ್ದುಪಡಿಸಿ, ಮೃತನ ಅವಲಂಬಿತರ ಪಟ್ಟಿಯಲ್ಲಿ ವಿವಾಹಬಾಹಿರ ಮಕ್ಕಳನ್ನು ಸೇರಿಸಿಕೊಂಡು ಅವರ ತಾಯಿಯನ್ನು ಹೊರಗಿಟ್ಟಿತು. ಊರಿನ ಕಣ್ಣಿಗೆ ಹೆಂಡತಿಯಾಗಿದ್ದ ಎರಡನೆಯವಳು ಕಾನೂನಿನ ಕಣ್ಣಿಗೆ ಯಾರೂ ಅಲ್ಲದವಳಾದಳು. ದೀರ್ಘಕಾಲ ಕೂಡಿ ಬಾಳಿದವರನ್ನು ದಂಪತಿಗಳೆಂದೇ ಊಹಿಸಬೇಕೆಂಬ ಸಾಕ್ಷ್ಯನಿಯಮವನ್ನು ಸುಪ್ರೀಂ ಕೋರ್ಟು 1978ರಲ್ಲಿ ಸುಮಾರು 50 ವರ್ಷ ಜೊತೆಗಿದ್ದ ಜೋಡಿಯೊಂದಕ್ಕೆ ಅನ್ವಯಿಸಿತಾದರೂ, ಮೊದಲ ಮದುವೆ ಊರ್ಜಿತವಾಗಿದ್ದ ಕಡೆ ಆ ಊಹೆಗೆ ಎಡೆಯಿರಲಿಲ್ಲ.

ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿಯು 2003ರಲ್ಲಿ, ಹೆಂಡತಿಯಂತೆ ಬಹುಕಾಲ ಜೊತೆಗಿದ್ದವಳಿಗೂ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಸಿಗಬೇಕೆಂದು ಶಿಫಾರಸು ಮಾಡಿತು. ಆ ಕಲಮು ಬದಲಾಗಲಿಲ್ಲ. ಬೇರೊಂದು ಬಾಗಿಲು ತೆರೆಯಿತು. 2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯು 'ವಿವಾಹದ ಸ್ವರೂಪದ ಸಂಬಂಧ'ದಲ್ಲಿರುವ ಮಹಿಳೆಗೂ ವಾಸದ ಹಕ್ಕನ್ನೂ ಹಣಕಾಸಿನ ಪರಿಹಾರವನ್ನೂ ಒದಗಿಸಿತು. ಇಬ್ಬರೂ ಮದುವೆಯಾಗಲು ಅರ್ಹರಿರಬೇಕು, ಸಮಾಜದೆದುರು ದಂಪತಿಗಳಂತೆ ಗಣನೀಯ ಕಾಲ ಕೂಡಿ ಬಾಳಿರಬೇಕು ಎಂಬ ಒರೆಗಲ್ಲುಗಳನ್ನು 2010ರಲ್ಲಿ ಸುಪ್ರೀಂ ಕೋರ್ಟು ನಿಗದಿಪಡಿಸಿತು.

ಈ ಒರೆಗಲ್ಲಿನ ಕಾಠಿಣ್ಯ ಬೆಂಗಳೂರಿನ ಪ್ರಕರಣವೊಂದರಲ್ಲಿ ಎದ್ದು ಕಂಡಿತು. ತಾನಿದ್ದ ಖಾಸಗಿ ಕಂಪನಿಯಲ್ಲಿಯೇ ದುಡಿಯುತ್ತಿದ್ದ ವಿವಾಹಿತನೊಡನೆ ಸುಮಾರು 18 ವರ್ಷ ಬಾಳಿದ ಮಹಿಳೆಗೆ ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಮಂಜೂರು ಮಾಡಿದರು, ಸೆಷನ್ಸ್ ನ್ಯಾಯಾಲಯ ಎತ್ತಿಹಿಡಿಯಿತು, ಹೈಕೋರ್ಟು ರದ್ದುಪಡಿಸಿತು. ಅವನಿಗೆ ಹೆಂಡತಿ ಮಕ್ಕಳಿದ್ದುದು ಅವಳಿಗೆ ಗೊತ್ತಿತ್ತೆಂಬ ಕಾರಣದಿಂದ 2013ರ ನವೆಂಬರ್ 26ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ನಿಲುವನ್ನೇ ಒಪ್ಪಿತು. ಆದರೆ ಇಂಥ ಸಂಬಂಧಗಳಲ್ಲಿ ಬಡ, ಅನಕ್ಷರಸ್ಥ ಮಹಿಳೆಯರೂ ಅವರ ಮಕ್ಕಳೂ ನೊಂದು ಬೀದಿಪಾಲಾಗುವುದನ್ನು ಗುರುತಿಸಿ, ಅವರ ರಕ್ಷಣೆಗೆ ಶಾಸನ ರಚಿಸುವಂತೆ ಸಂಸತ್ತನ್ನು ಅದೇ ತೀರ್ಪಿನಲ್ಲಿ ಒತ್ತಾಯಿಸಿತು.