ದಡ ಎಲ್ಲಿದೆ ಅಂತ ಯಾರನ್ನು ಕೇಳೋದು?

ಸಮುದ್ರದಂಚಿನ ಬಂಡೆ ಮೇಲೆ ನಿಂತು ಗಾಳ ಹಾಕುವವನಿಗೆ ಅಪಾಯದ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಅಲೆ ಕಾಲಬುಡಕ್ಕೆ ಬಡಿದು ಮತ್ತೆ ಮತ್ತೆ ನೆನಪಿಸುತ್ತೆ. ಆದರೂ ಜನ ಕೊಚ್ಚಿಹೋಗುತ್ತಾರೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2016ರಲ್ಲಿ ಇದಕ್ಕೆಂದೇ ಒಂದು ಕಾನೂನು ತಂದು, ಹೆಚ್ಚು ಅಪಾಯದ ಬಂಡೆಗಳಲ್ಲಿ ಮೀನು ಹಿಡಿಯೋರಿಗೆ ಲೈಫ್ ಜಾಕೆಟ್ ಕಡ್ಡಾಯ ಮಾಡಬೇಕಾಯಿತು. ಇನ್ನು ದೊಡ್ಡ ಅಲೆಯೇ ಇಲ್ಲದೆ ತಣ್ಣಗೆ ಮಲಗಿರುವ ನೀರಿದ್ದರೆ? ನಮ್ಮ ಮಾರಿಕಣಿವೆ ಅಂಥದ್ದು. ಅದರ ಚರಿತ್ರೆ ಗೊತ್ತಿಲ್ಲದೆ ಅಲ್ಲಿ ಗಾಳ ಹಿಡಿದು ಕೂರೋದು ಅಷ್ಟು ಕ್ಷೇಮವಲ್ಲ.

ಹಿರಿಯೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ವೇದಾವತಿ ನುಸುಳಿ ಹೋಗುವ ಕಣಿವೆ ಇದು. ಅಣೆಕಟ್ಟಿನ ಕೆಲಸ ಶುರುವಾದದ್ದು ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1898ರಲ್ಲಿ. ಮುಗಿದದ್ದು 1907ರಲ್ಲಿ. ಕೆಲಸ ಶುರುವಾದಾಗ ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಮಹಾರಾಣಿಯ ಹೆಸರಲ್ಲಿ ಅದು ವಾಣಿವಿಲಾಸ ಸಾಗರ ಆಯಿತು. ಊರವರ ಬಾಯಲ್ಲಿ ಮಾತ್ರ ಕಣಿವೆ ಮಾರಮ್ಮನ ಹೆಸರೇ ಉಳಿಯಿತು. 30 ಟಿಎಂಸಿ ನೀರು, 130 ಅಡಿ ಮಟ್ಟ, ಅದಕ್ಕಿಂತ ಮೇಲೆ ಬಂದರೆ ಕೋಡಿ.

ಕೋಡಿ ಬಿದ್ದದ್ದು 1933ರಲ್ಲಿ. ಮುಂದಿನ ಸಲ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ! ಮೊದಲ ಕೋಡಿಯನ್ನು ಹತ್ತು ವರ್ಷದ ಹುಡುಗನಾಗಿ ನೋಡಿದವರು ಎರಡನೆಯದನ್ನು ನೋಡೋಕೆ 99 ವರ್ಷ ಬದುಕಿರಬೇಕಿತ್ತು.

ಈ ಲೆಕ್ಕ ಮೀನು ಹಿಡಿಯೋರಿಗೆ ಯಾಕೆ ಮುಖ್ಯ ಅಂದರೆ, ಗಾಳದ ವಿದ್ಯೆ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲೇ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗವನ್ನೇ ಇಟ್ಟ. ಬ್ರಿಟಿಷರ ಕಾಲದ ಹೆಸರಾಂತ ಪುಸ್ತಕ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಅಚ್ಚಾದದ್ದು ಮಂಗಳೂರಲ್ಲಿ. ಬರೆದವರು ಅಲ್ಲಿನ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್. ಯಾವ ಮೀನಿಗೆ ಯಾವ ಎರೆ ಅನ್ನೋದನ್ನು ಪುಸ್ತಕದಿಂದ ಕಲಿಯಬಹುದು. ಆದರೆ ‘ಆ ಬಂಡೆ ಮೇಲೆ ಕೂರಬೇಡ ಕಣೋ’ ಅನ್ನೋ ಮಾತು ಪುಸ್ತಕದಲ್ಲಿ ಸಿಗಲ್ಲ. ಅದನ್ನು ಆ ನೀರನ್ನು ನೋಡಿದ ಹಿರಿಯರೇ ಹೇಳಬೇಕು. ಮಾರಿಕಣಿವೆಯಲ್ಲಿ ತುಂಬಿದ ನೀರು ಎಲ್ಲಿಯವರೆಗೆ ಬರುತ್ತೆ ಅಂತ ಕಂಡು ಹೇಳುವವರ ಸಾಲು ನಡುವಿನಲ್ಲೇ ತುಂಡಾಯಿತು. ನೀರು ಹಿಂದೆ ಸರಿದ ಕಡೆ ಜನ ದನ ಮೇಯಿಸಿದರು, ಉತ್ತರು, ಜಾಲಿ ಬೆಳೆಯಿತು. ಅದೇ ದಡ ಅಂತ ಎಲ್ಲರೂ ನಂಬಿದರು. 2022ರಲ್ಲಿ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಊರುಗಳ ಜಮೀನಿಗೆ ನೀರು ನುಗ್ಗಿದಾಗಲೇ ಹಳೇ ದಡ ಎಲ್ಲಿತ್ತು ಅಂತ ಗೊತ್ತಾದದ್ದು.

ಇನ್ನು ಮುಂದೆ ಅಷ್ಟು ವರ್ಷ ಕಾಯಬೇಕಾಗಿಲ್ಲ. 2019ರಿಂದ ಭದ್ರೆಯ ನೀರೂ ವೇದಾವತಿಗೆ ಬಂದು ಸೇರುತ್ತಿದೆ. 2025ರ ಜನವರಿಯಲ್ಲಿ, ಮಳೆಗಾಲವೇ ಅಲ್ಲದ ಹೊತ್ತಲ್ಲಿ, ಮತ್ತೆ ಕೋಡಿ ಬಿತ್ತು. ವೇದಾವತಿ ಹುಟ್ಟೋದು ಚಿಕ್ಕಮಗಳೂರಿನ ಗುಡ್ಡಗಳಲ್ಲಿ. ಮಳೆ ಕಡೂರಿನ ಕಡೆ, ಬಿಸಿಲು ಹಿರಿಯೂರಲ್ಲಿ! ತಲೆ ಮೇಲಿನ ಆಕಾಶ ನೋಡಿ ‘ಇವತ್ತು ನೀರು ಏರಲ್ಲ’ ಅಂದುಕೊಳ್ಳೋ ಹಾಗಿಲ್ಲ.

ಹಾಗಾಗಿ ವೀಕೆಂಡಿಗೆ ಬೆಂಗಳೂರಿಂದ ರಾಡು, ರೀಲು ಕಾರಿಗೆ ಹಾಕಿಕೊಂಡು ಹೊರಡೋ ಮುಂಚೆ ಆ ದಿನದ ನೀರಿನ ಮಟ್ಟ ಎಷ್ಟು ಅಡಿ ಅಂತ ನೋಡಿ. ಪೇಪರಿನಲ್ಲಿ ಬರುತ್ತೆ. 130ಕ್ಕೆ ಹತ್ತಿರ ಇದ್ದರೆ, ನೀವು ಕೂರುವ ಇಳಿಜಾರಿನ ಮುಂದೆ ಇರೋದು ಬರೀ ನೀರಲ್ಲ, ಮುಳುಗಿದ ಜಾಲಿಮುಳ್ಳು, ಬದು, ಹಳ್ಳ. ನೀರು ಇಳಿಯುತ್ತಿದ್ದರೆ ಮೇಲೆ ಒಣಗಿದ ಹಾಗೆ ಕಾಣುವ ಮಣ್ಣಿನ ಕೆಳಗೆ ಕೆಸರು ಇರುತ್ತೆ, ಕಲ್ಲು ಸಡಿಲವಾಗಿರುತ್ತೆ. ಗಾಳ ಎಲ್ಲೋ ಸಿಕ್ಕಿಕೊಂಡರೆ ಬಿಡಿಸೋಕೆ ನೀರಿಗೆ ಇಳಿಯಬೇಡಿ, ದಾರ ಕತ್ತರಿಸಿ. ಕೋಡಿ ನೀರು ಹರಿಯುವ ಹಾದಿಯಲ್ಲಂತೂ ಕೂರಲೇಬೇಡಿ. ಕೋಡಿ ಬೀಳೋಕೆ ಯಾರೂ ಗೇಟ್ ಎತ್ತಬೇಕಿಲ್ಲ. ಒಬ್ಬರೇ ಹೋಗಬೇಡಿ, ಈಜು ಬಂದರೂ ಲೈಫ್ ಜಾಕೆಟ್ ತೊಡಿ.

ಅಲ್ಲಿ ಮೀನು ಹಿಡಿಯಬಹುದಾ ಅಂತ ಊರಲ್ಲಿ ಹೇಗೂ ವಿಚಾರಿಸಲೇಬೇಕು. ಹಾಗೆ ಕೇಳುವಾಗ ಇನ್ನೊಂದು ಪ್ರಶ್ನೆ ಸೇರಿಸಿ: ‘ಅಣ್ಣಾ, ಕೋಡಿ ಬಿದ್ದಾಗ ನೀರು ಎಲ್ಲಿವರೆಗೆ ಬಂದಿತ್ತು?’ 89 ವರ್ಷ ಈ ಪ್ರಶ್ನೆಗೆ ಉತ್ತರ ಹೇಳುವವರು ಕಡಿಮೆಯಾಗುತ್ತಲೇ ಹೋದರು. ಈಗ ಹಿನ್ನೀರಿನ ಊರಿನ ಚಿಕ್ಕ ಹುಡುಗರೂ ಕೈ ತೋರಿಸಿ ಹೇಳಬಲ್ಲರು.